ಹದಿನಾರು ಬೈಟ್‌ಗಳ ಲೆಕ್ಕ: ಕರ್ನೆಲ್‌ನ ಮೊದಲ ಟಾಸ್ಕ್ ಮತ್ತು ಅದರ ಸ್ಟ್ಯಾಕ್

2024ರ ಮಾರ್ಚ್‌ನಲ್ಲಿ ಲಿನಕ್ಸ್ ಕರ್ನೆಲ್‌ಗೆ ಒಂದು ಪುಟ್ಟ ತಿದ್ದುಪಡಿ ಸೇರಿತು. ಬರೆದವರು ಇಂಟೆಲ್‌ನ ಎಂಜಿನಿಯರ್ ಶಿನ್ ಲಿ. ಬದಲಾದದ್ದು ಬೆರಳೆಣಿಕೆಯ ಸಾಲುಗಳು. ಕರ್ನೆಲ್ ಕಣ್ಣು ಬಿಡುವಾಗ ತನ್ನ ಮೊಟ್ಟಮೊದಲ ಟಾಸ್ಕ್‌ಗೆ ಕೊಡುವ ಸ್ಟ್ಯಾಕ್ ಪಾಯಿಂಟರ್, ಇರಬೇಕಾದ ಜಾಗಕ್ಕಿಂತ 16 ಬೈಟ್ ಮೇಲಿತ್ತು. ಅದನ್ನು ಕೆಳಗಿಳಿಸಿದರು, ಅಷ್ಟೇ.

ಮೂರು ಕೋಟಿಗೂ ಮಿಕ್ಕ ಸಾಲುಗಳ ಕರ್ನೆಲ್‌ನಲ್ಲಿ 16 ಬೈಟ್ ಯಾವ ಲೆಕ್ಕ ಎನ್ನಿಸಬಹುದು. ಆದರೆ ಇದೇ ಟಾಸ್ಕ್‌ನ ಇದೇ ಸ್ಟ್ಯಾಕನ್ನು 2014ರಲ್ಲೂ ತಿದ್ದಿದ್ದರು, 2016ರಲ್ಲೂ ತಿದ್ದಿದ್ದರು, 2020ರಲ್ಲೂ ಅದರ ಹತ್ತಿರ ಸುಳಿದಾಡಿ ರಿಪೇರಿ ಮಾಡಿದ್ದರು. ಪ್ರತಿ ಸಲವೂ ಬೇರೆ ಬೇರೆ ಜನ, ಬೇರೆ ಬೇರೆ ಸಂದರ್ಭ. ಮೂಲದಲ್ಲಿದ್ದ ಕಾರಣ ಮಾತ್ರ ಹೆಚ್ಚುಕಡಿಮೆ ಒಂದೇ: ಊರಿಗೆಲ್ಲ ಒಂದು ಕಟ್ಟಳೆ ತಂದಾಗ ಮೊದಲ ಮನೆಯನ್ನು ಹೊರಗೆ ಬಿಟ್ಟದ್ದು.

ಅಟ್ಟಿಯಲ್ಲ, ನೆಲುವು

ಸ್ಟ್ಯಾಕ್ ಅಂದರೆ ಒಂದರ ಮೇಲೊಂದು ಪೇರಿಸಿದ ತಟ್ಟೆಗಳ ಅಟ್ಟಿ ಎಂದು ಪಠ್ಯಪುಸ್ತಕಗಳು ಹೇಳಿಕೊಡುತ್ತವೆ. ನಮ್ಮ ಮೇಜಿನ ಮೇಲಿರುವ ಎಕ್ಸ್86 ಪ್ರೊಸೆಸರ್‌ಗಳ ಮಟ್ಟಿಗೆ ಆ ಹೋಲಿಕೆ ತಲೆಕೆಳಗು. ಹಳೆಯ ಮನೆಗಳ ಅಡುಗೆಕೋಣೆಯಲ್ಲಿ ಜಂತಿಗೆ ಕಟ್ಟಿದ ನೆಲುವನ್ನು ನೆನೆದರೆ ಹೆಚ್ಚು ಸರಿಹೋಗುತ್ತದೆ. ಕೊಕ್ಕೆ ಮೇಲಿರುತ್ತದೆ, ಗಡಿಗೆಗಳು ಒಂದರ ಕೆಳಗೊಂದು ತೂಗುತ್ತವೆ. ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ, ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಎಂಬ ವಿಳಾಸ ಒಂದು ಗಡಿಗೆಯಾಗಿ ಕೆಳಗೆ ಸೇರುತ್ತದೆ. ಆ ಫಂಕ್ಷನ್ನಿನ ಸ್ವಂತ ಚರಾಂಶಗಳು ಅದರ ಕೆಳಗೆ. ಹೀಗೆ ಮೆಮೊರಿಯ ದೊಡ್ಡ ವಿಳಾಸದಿಂದ ಚಿಕ್ಕ ವಿಳಾಸದತ್ತ ಸ್ಟ್ಯಾಕ್ ಇಳಿಯುತ್ತದೆ. ಸದ್ಯಕ್ಕೆ ಎಲ್ಲಿಯವರೆಗೆ ಇಳಿದಿದೆ ಎಂಬುದನ್ನು ಸ್ಟ್ಯಾಕ್ ಪಾಯಿಂಟರ್ ಎಂಬ ರಿಜಿಸ್ಟರ್ ನೆನಪಿಟ್ಟುಕೊಳ್ಳುತ್ತದೆ.

ಕರ್ನೆಲ್ ಒಳಗೆ ಓಡುವ ಪ್ರತಿ ಟಾಸ್ಕ್‌ಗೂ ಇಂಥದ್ದೊಂದು ಸ್ವಂತ ನೆಲುವು ಬೇಕು. ಬಳಕೆದಾರರ ಪ್ರೋಗ್ರಾಮಿನ ಸ್ಟ್ಯಾಕ್ ಒಂದು ಮಿತಿಯವರೆಗೆ ಹಿಗ್ಗಬಲ್ಲದು, ಕರ್ನೆಲ್ ಸ್ಟ್ಯಾಕ್ ಹಾಗಲ್ಲ. ಅದರ ಅಳತೆ ನಿಗದಿತ. 64 ಬಿಟ್ ಎಕ್ಸ್86 ಲಿನಕ್ಸ್‌ನಲ್ಲಿ ಅದು ಬಹುಕಾಲ 8 ಕಿಲೋಬೈಟ್ ಇತ್ತು. 2014ರ 3.15ನೇ ಆವೃತ್ತಿಯಲ್ಲಿ 16 ಕಿಲೋಬೈಟ್ ಆಯಿತು. ಅಂದರೆ 16,384 ಬೈಟ್. ಮುಂದಿನ ಲೆಕ್ಕಕ್ಕೆ ಈ ಅಂಕಿ ಬೇಕಾಗುತ್ತದೆ, ನೆನಪಿರಲಿ.

ಅಯೋನಿಜ

ಯುನಿಕ್ಸ್ ಮನೆತನದ ವ್ಯವಸ್ಥೆಗಳಲ್ಲಿ ಟಾಸ್ಕ್ ಹುಟ್ಟುವುದಕ್ಕೆ ಒಂದೇ ದಾರಿ, ಇನ್ನೊಂದು ಟಾಸ್ಕ್‌ನಿಂದ ಕವಲೊಡೆಯುವುದು. ಅದಕ್ಕೆ ಫೋರ್ಕ್ ಎಂದು ಹೆಸರು. ಹೊಸ ಟಾಸ್ಕ್‌ಗೆ ಸ್ಟ್ಯಾಕ್ ಹಂಚುವುದು, ಅದರ ಮೇಲ್ತುದಿಯಲ್ಲಿ ಮಾಡಬೇಕಾದ ಏರ್ಪಾಟು, ಕೆಳತುದಿಯಲ್ಲಿ ಇಡಬೇಕಾದ ಗುರುತು ಎಲ್ಲವನ್ನೂ ಫೋರ್ಕ್ ಕೋಡೇ ನೋಡಿಕೊಳ್ಳುತ್ತದೆ. ನಿಯಮ ಬದಲಾದರೆ ಅಲ್ಲೊಂದು ಕಡೆ ತಿದ್ದಿದರೆ ಸಾಕು, ಆಮೇಲೆ ಹುಟ್ಟುವ ಎಲ್ಲವೂ ಹೊಸ ನಿಯಮದಂತೆಯೇ ಹುಟ್ಟುತ್ತವೆ.

ಹಾಗಾದರೆ ಮೊದಲನೆಯದು? ಅದಕ್ಕೆ ತಾಯಿಯಿಲ್ಲ. ಪುರಾಣದ ಸೀತೆ, ದ್ರೌಪದಿಯರ ಹಾಗೆ ಅಯೋನಿಜ. ಸೀತೆ ನೇಗಿಲಗೆರೆಯಲ್ಲಿ ಸಿಕ್ಕಿದಳು, ದ್ರೌಪದಿ ಯಜ್ಞಕುಂಡದಿಂದ ಎದ್ದಳು. ಲಿನಕ್ಸ್‌ನ ಮೊದಲ ಟಾಸ್ಕ್ ಕಂಪೈಲರ್‌ನಿಂದ ಎದ್ದು ಬರುತ್ತದೆ. ಅದರ ವಿವರಗಳೆಲ್ಲ ‘ಇನಿಟ್_ಟಾಸ್ಕ್’ ಎಂಬ ಹೆಸರಿನಲ್ಲಿ ಮೂಲಕೋಡಿನಲ್ಲೇ ಬರೆದಿಟ್ಟ ಮೌಲ್ಯಗಳು. ಕರ್ನೆಲ್ ಕಡತ ಮೆಮೊರಿಗೆ ಬಂದಾಗ ಟಾಸ್ಕ್ ಕೂಡ ಕೈಕಾಲು ಸಮೇತ ಅದರ ಜೊತೆ ಬಂದಿರುತ್ತದೆ. ಫೋರ್ಕ್ ಎಂಬ ಸೂಲಗಿತ್ತಿ ಇದನ್ನು ಮುಟ್ಟುವುದೇ ಇಲ್ಲ. ಫೋರ್ಕ್ ಪಾಲಿಸುವ ಪ್ರತಿಯೊಂದು ನಿಯಮವನ್ನೂ ಇಲ್ಲಿ ಯಾರೋ ಒಬ್ಬರು ನೆನಪಿಟ್ಟು ಕೈಯಿಂದ ಬರೆಯಬೇಕು.

ಈ ಟಾಸ್ಕ್‌ನ ಸಂಖ್ಯೆ 0. ಹೆಸರು ‘ಸ್ವಾಪರ್’. ಹೆಸರು ಹಳೆಯ ಯುನಿಕ್ಸ್‌ನಿಂದ ಬಂದ ಬಳುವಳಿ. ಅಲ್ಲಿ ಸೊನ್ನೆ ಸಂಖ್ಯೆಯ ಪ್ರೋಸೆಸ್ ಉಳಿದವನ್ನು ಮೆಮೊರಿಗೂ ಡಿಸ್ಕಿಗೂ ಅದಲುಬದಲು ಮಾಡುತ್ತಿತ್ತು. 1975ರ ಆರನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಅದಕ್ಕೆ ಸಿಗುತ್ತಿದ್ದುದು ಬರೀ 1,024 ಬೈಟ್. ಅದರಲ್ಲೇ ತನ್ನ ವಿವರಗಳ ಪಟ್ಟಿ, ಅದರಲ್ಲೇ ಕರ್ನೆಲ್ ಸ್ಟ್ಯಾಕ್. ಇಂದಿನ ಲಿನಕ್ಸ್‌ನ ಸ್ವಾಪರ್‌ಗೆ ಅದಲುಬದಲಿನ ಕೆಲಸವಿಲ್ಲ. ಬೂಟ್ ಮುಗಿಸಿ, 1ನೇ ಮತ್ತು 2ನೇ ಟಾಸ್ಕ್‌ಗಳನ್ನು ಹುಟ್ಟಿಸಿ, ಆಮೇಲೆ ಪ್ರೊಸೆಸರ್‌ಗೆ ಮಾಡಲು ಏನೂ ಇಲ್ಲದಾಗ ಸುಮ್ಮನೆ ಕೂರುವುದಷ್ಟೇ ಅದರ ಪಾಲಿಗೆ ಉಳಿದ ಕೆಲಸ.

1991: ಮುಟ್ಟಬಾರದ ಸ್ಟ್ಯಾಕ್

ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ 1991ರ ಸೆಪ್ಟೆಂಬರ್‌ನಲ್ಲಿ ಹೊರಬಿಟ್ಟ 0.01ನೇ ಆವೃತ್ತಿಯಲ್ಲೇ ಈ ಕೈಕೆಲಸ ಕಾಣುತ್ತದೆ. ಅಲ್ಲಿ ತಲಾ 4 ಬೈಟ್‌ನ 1,024 ಮನೆಗಳ ಒಂದು ಅರೇ ಇದೆ, ಒಟ್ಟು 4,096 ಬೈಟ್. ಸ್ಟ್ಯಾಕ್ ಪಾಯಿಂಟರ್‌ಗೆ ಕೊಟ್ಟ ಮೊದಲ ಮೌಲ್ಯ ಆ ಅರೇಯ 1024ನೇ ಮನೆಯ ವಿಳಾಸ. ಮನೆಗಳ ಎಣಿಕೆ 0ಯಿಂದ 1023ರವರೆಗೆ, ಆದ್ದರಿಂದ 1024 ಎಂಬ ಮನೆಯೇ ಇಲ್ಲ. ತಪ್ಪೇನೂ ಅಲ್ಲ. ಎಕ್ಸ್86ರ ಪುಷ್ ಆದೇಶ ಮೊದಲು ಪಾಯಿಂಟರ್ ಇಳಿಸುತ್ತದೆ, ಆಮೇಲೆ ಬರೆಯುತ್ತದೆ. ಹಾಗಾಗಿ ಮೊದಲ ಬರಹ ಸರಿಯಾಗಿ 1023ನೇ ಮನೆಗೇ ಬೀಳುತ್ತದೆ. ಕೊಕ್ಕೆ ಇರಬೇಕಾದದ್ದು ಮೊದಲ ಗಡಿಗೆಯ ಮೇಲೆ, ಗಡಿಗೆಯೊಳಗಲ್ಲ.

ಅದಕ್ಕಿಂತ ಸ್ವಾರಸ್ಯದ ಸಂಗತಿ ಮುಂದಿದೆ. ಮೊದಲ ಟಾಸ್ಕ್ ಫೋರ್ಕ್ ಮಾಡಿ ಎರಡನೆಯದನ್ನು ಹುಟ್ಟಿಸಿದಾಗ ಇಬ್ಬರಿಗೂ ಕೆಲಹೊತ್ತು ಅದೇ ಸ್ಟ್ಯಾಕ್ ಪುಟ. ಸಾಮಾನ್ಯ ಟಾಸ್ಕ್‌ಗಳ ನಡುವೆ ಇಂಥ ಹಂಚಿಕೆಯಾದಾಗ ಯಾರು ಮೊದಲು ಬರೆಯಹೊರಟರೂ ಅವರಿಗೊಂದು ಬೇರೆ ನಕಲು ಸಿಗುತ್ತದೆ. ಆದರೆ ಕರ್ನೆಲ್ ಕುಳಿತಿರುವ ಮೆಮೊರಿಗೆ ತಾಯಿಯ ಕಡೆಯಿಂದ ಆ ರಕ್ಷಣೆ ಇರಲಿಲ್ಲ. ಮಗು ತನ್ನ ನಕಲು ಮಾಡಿಕೊಳ್ಳುವ ಮುಂಚೆ ತಾಯಿ ಏನಾದರೂ ಬರೆದುಬಿಟ್ಟರೆ, ಮಗುವಿಗೆ ಸಿಗುವುದು ಕೆಟ್ಟ ಸ್ಟ್ಯಾಕ್. ಟೊರ್ವಾಲ್ಡ್ಸ್ ಹುಡುಕಿದ ಉಪಾಯ ಸೀದಾಸಾದಾ: ಫೋರ್ಕ್ ಆದ ಮೇಲೆ ಮೊದಲ ಟಾಸ್ಕ್ ಸ್ಟ್ಯಾಕನ್ನು ಮುಟ್ಟುವುದೇ ಬೇಡ. ಫಂಕ್ಷನ್ ಕರೆದರೆ ಸ್ಟ್ಯಾಕ್ ಮುಟ್ಟಿದಂತೆ. ಹಾಗಾಗಿ ಫೋರ್ಕ್ ಅನ್ನೂ ಅದರ ನಂತರ ಬರುವ, ಸುಮ್ಮನೆ ಕಾಯಿಸುವ ‘ಪಾಝ್’ ಅನ್ನೂ ಕರೆಗಳಾಗಿ ಬರೆಯದೆ ಅದೇ ಜಾಗದಲ್ಲಿ ಕೋಡಾಗಿ ಬಿಚ್ಚಿಕೊಳ್ಳುವಂತೆ ಮಾಡಿದರು. ಇದನ್ನೆಲ್ಲ ವಿವರಿಸುವ ಒಂದು ಟಿಪ್ಪಣಿ ಆ ಕಡತದಲ್ಲಿದೆ. ಕೋಡಿಗೆ ಟಿಪ್ಪಣಿ ಬರೆಯುವುದು ಹೇಗೆ ಎಂದು ಕೇಳಿದವರಿಗೆ ನಾನು ಅದನ್ನೇ ತೋರಿಸುತ್ತೇನೆ. ಏನು ಮಾಡಿದೆ ಎನ್ನುವುದಕ್ಕಿಂತ ಏಕೆ ಬೇರೆ ದಾರಿಯಿರಲಿಲ್ಲ ಎಂಬುದನ್ನು ಅದು ಹೇಳುತ್ತದೆ.

ಮೇಲ್ತುದಿಯ 168 ಬೈಟ್

ಈಗ ಆಧುನಿಕ ಕರ್ನೆಲ್‌ಗೆ ಬರೋಣ. ಬಳಕೆದಾರರ ಪ್ರೋಗ್ರಾಂ ಓಡುತ್ತಿರುವಾಗ ಸಿಸ್ಟಂ ಕಾಲ್ ಬಂದರೆ ಅಥವಾ ಕೀಲಿಮಣೆಯಿಂದ ಇಂಟರಪ್ಟ್ ಬಂದರೆ ಪ್ರೊಸೆಸರ್ ಕರ್ನೆಲ್‌ಗೆ ಜಿಗಿಯುತ್ತದೆ. ಆಗ ಪ್ರೋಗ್ರಾಮಿನ ರಿಜಿಸ್ಟರ್‌ಗಳ ಮೌಲ್ಯವನ್ನೆಲ್ಲ ಎಲ್ಲಾದರೂ ಬಚ್ಚಿಡಬೇಕು. ಬಚ್ಚಿಡುವ ಜಾಗ ಆ ಟಾಸ್ಕ್‌ನ ಕರ್ನೆಲ್ ಸ್ಟ್ಯಾಕಿನ ಮೇಲ್ತುದಿ. ಆ ಕಟ್ಟಿಗೆ ಕರ್ನೆಲ್‌ನವರ ಬಾಯಲ್ಲಿ ‘ಪಿಟಿ-ರೆಗ್ಸ್’ ಎಂದು ಹೆಸರು. 64 ಬಿಟ್ ಎಕ್ಸ್86ರಲ್ಲಿ ಅದರಲ್ಲಿ 21 ಮನೆ, ಮನೆಗೆ 8 ಬೈಟ್, ಒಟ್ಟು 168 ಬೈಟ್.

ಎಲ್ಲ ಟಾಸ್ಕ್‌ಗಳಲ್ಲೂ ಈ ಕಟ್ಟು ಒಂದೇ ಜಾಗದಲ್ಲಿ ಇದ್ದರೆ ಒಂದು ದೊಡ್ಡ ಅನುಕೂಲವಿದೆ. ಕರ್ನೆಲ್ ಕುಸಿದಾಗ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಸರಪಳಿಯನ್ನು ಕೆಳಗಿನಿಂದ ಮೇಲಕ್ಕೆ ಓದುವ ಒಂದು ಭಾಗವಿದೆ, ಅದು ಅನ್‌ವೈಂಡರ್. ಮೇಲೇರುತ್ತ ಹೋದ ಅದಕ್ಕೆ ಎಲ್ಲಿ ನಿಲ್ಲಬೇಕು ಎಂದು ತಿಳಿಯಬೇಕು. ಪಿಟಿ-ರೆಗ್ಸ್ ಕಟ್ಟಿನ ಅಂಚು ತಲುಪಿದರೆ ಸರಪಳಿ ಮುಗಿಯಿತು ಎಂದರ್ಥ. ಅದಕ್ಕಿಂತ ಮುಂಚೆ ಕೊಂಡಿ ಕಡಿದರೆ ಸ್ಟ್ಯಾಕ್ ಕೆಟ್ಟಿದೆ ಎಂದರ್ಥ. ಓಡುತ್ತಿರುವ ಕರ್ನೆಲ್‌ಗೆ ಯಂತ್ರ ನಿಲ್ಲಿಸದೆ ಪ್ಯಾಚ್ ಹಾಕುವ ಲೈವ್ ಪ್ಯಾಚಿಂಗ್‌ಗಂತೂ ಈ ಖಾತ್ರಿ ಇಲ್ಲದೆ ಕೆಲಸವೇ ಸಾಗದು.

2016ರಲ್ಲಿ ಜಾಶ್ ಪಾಯಿಂಬಾಫ್ ಅನ್‌ವೈಂಡರ್ ಸರಿಪಡಿಸುತ್ತಿದ್ದಾಗ ಕಂಡದ್ದು ಇದು: ಎಲ್ಲ ಟಾಸ್ಕ್‌ಗಳ ಸ್ಟ್ಯಾಕ್ ಪಿಟಿ-ರೆಗ್ಸ್ ಕೆಳಗಿನಿಂದ ಶುರುವಾಗುತ್ತದೆ, ಐಡಲ್ ಟಾಸ್ಕ್‌ಗಳದ್ದು, ಅಂದರೆ ಮೊದಲ ಟಾಸ್ಕ್‌ನಂತೆ ಪ್ರತಿ ಕೋರ್‌ನಲ್ಲೂ ಕೆಲಸವಿಲ್ಲದಾಗ ಸುಮ್ಮನೆ ಕೂರುವವುಗಳದ್ದು, ಮಾತ್ರ ಹಾಗಲ್ಲ. ನ್ಯಾಯವಾಗಿ ನೋಡಿದರೆ ಅವುಗಳಿಗೆ ಆ ಕಟ್ಟೇ ಬೇಡ. ಅವು ಎಂದೂ ಬಳಕೆದಾರರ ಕಡೆಗೆ ಹೋಗುವುದಿಲ್ಲ, ಬರುವುದೂ ಇಲ್ಲ, ಬಚ್ಚಿಡಲು ಏನೂ ಇಲ್ಲ. ಆದರೆ ಬಳಸಲಿ ಬಿಡಲಿ, ಜಾಗ ಬಿಟ್ಟರೆ ಅನ್‌ವೈಂಡರ್‌ಗೆ ಒಂದೇ ನಿಯಮ ಸಾಕು. ಹಾಗಾಗಿ ಅವುಗಳ ಕೊಕ್ಕೆಯನ್ನೂ 168 ಬೈಟ್ ಕೆಳಗಿಳಿಸಿದರು. ಊಟಕ್ಕೆ ಬಾರದ ನೆಂಟನಿಗೂ ಎಲೆ ಹಾಕಿದಂತೆ.

ಫ್ರೆಡ್ ಬಂದ ಮೇಲೆ

ಇಂಟರಪ್ಟ್ ಬಂದಾಗ ಎಕ್ಸ್86 ಪ್ರೊಸೆಸರ್ ನಡೆದುಕೊಳ್ಳುವ ರೀತಿ ದಶಕಗಳಷ್ಟು ಹಳೆಯದು, ತೇಪೆಯ ಮೇಲೆ ತೇಪೆ ಬಿದ್ದದ್ದು. ಅದರ ಬದಲಿಗೆ ಇಂಟೆಲ್ ರೂಪಿಸಿದ ಹೊಸ ವ್ಯವಸ್ಥೆಯ ಹೆಸರು ಫ್ರೆಡ್. ಘಟನೆಗಳನ್ನು ಕರ್ನೆಲ್‌ಗೆ ತಲುಪಿಸುವ, ಅಲ್ಲಿಂದ ಮರಳುವ ಕ್ರಮವನ್ನು ಅದು ಹೊಸದಾಗಿ ಕಟ್ಟುತ್ತದೆ. ಮರಳಲು ಎರಡು ಹೊಸ ಆದೇಶಗಳನ್ನೂ ಕೊಡುತ್ತದೆ. ಲಿನಕ್ಸ್‌ನಲ್ಲಿ ಇದಕ್ಕೆ ಬೆಂಬಲ ಬಂದದ್ದು 2024ರ ಮೇ ತಿಂಗಳ 6.9ನೇ ಆವೃತ್ತಿಯಲ್ಲಿ.

ನಮಗೆ ಬೇಕಾದದ್ದು ಫ್ರೆಡ್‌ನ ಒಂದೇ ಅಂಶ. ಹಳೆಯ ಕ್ರಮದಲ್ಲಿ ಪ್ರೊಸೆಸರ್ ತಾನಾಗಿ ಸ್ಟ್ಯಾಕ್‌ಗೆ ತುಂಬುತ್ತಿದ್ದ ಮೌಲ್ಯಗಳಿಗಿಂತ ಫ್ರೆಡ್ ಹೆಚ್ಚು ತುಂಬುತ್ತದೆ. ಎಂಟು ಮನೆ, 64 ಬೈಟ್. ಅದರಲ್ಲಿ ಮೇಲಿನ ಎರಡು ಮನೆಗಳು ಹೊಸವು: ಒಂದು ಘಟನೆಯ ಹೆಚ್ಚಿನ ವಿವರಕ್ಕೆ, ಇನ್ನೊಂದು ಮುಂದಿನ ದಿನಗಳಿಗೆ ಕಾದಿರಿಸಿದ್ದು. ಅವೆರಡೂ ಪಿಟಿ-ರೆಗ್ಸ್‌ಗಿಂತ ಮೇಲೆ ಕೂರುತ್ತವೆ. ಎಂಟೆರಡಲ ಹದಿನಾರು.

ಸ್ಟ್ಯಾಕಿನ ಮೇಲ್ತುದಿಯಲ್ಲಿ ಹೀಗೆ ಒಂದಿಷ್ಟು ಖಾಲಿ ಜಾಗ ಬಿಡಲು ಕರ್ನೆಲ್‌ನಲ್ಲಿ ಆಗಲೇ ಒಂದು ಸ್ಥಿರಾಂಕವಿತ್ತು. ಅದು 32 ಬಿಟ್ ಯಂತ್ರಗಳ ತಾಪತ್ರಯಕ್ಕಾಗಿ ಹುಟ್ಟಿದ್ದು. ಅಲ್ಲಿ ಪ್ರೊಸೆಸರ್ ತುಂಬುವ ಚೌಕಟ್ಟಿನ ಉದ್ದ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತಿತ್ತು. 64 ಬಿಟ್‌ನಲ್ಲಿ ಉದ್ದ ಎಂದೂ ಬದಲಾಗದು, ಆದ್ದರಿಂದ ಅಲ್ಲಿ ಸ್ಥಿರಾಂಕದ ಬೆಲೆ ಸೊನ್ನೆ. ಫ್ರೆಡ್‌ಗೆ ಜಾಗ ಮಾಡಲು ಆ ಸೊನ್ನೆಯನ್ನು 16 ಮಾಡಿದರು. ಒಂದೇ ಕಡೆ ತಿದ್ದಿದರೆ ಅದನ್ನು ಬಳಸುವ ಎಲ್ಲ ಲೆಕ್ಕಗಳೂ ತಾವಾಗಿ ಸರಿಹೋಗಬೇಕು. ಬಳಸುವ ಲೆಕ್ಕಗಳು ಸರಿಹೋದವು ಕೂಡ.

ಲೆಕ್ಕ ತಪ್ಪಿದ ಜಾಗ

ಮೊದಲ ಟಾಸ್ಕ್‌ನ ಲೆಕ್ಕ ಅದನ್ನು ಬಳಸುತ್ತಿರಲಿಲ್ಲ.

ಉಳಿದ ಪ್ರೊಸೆಸರ್ ಕೋರ್‌ಗಳ ಐಡಲ್ ಟಾಸ್ಕ್‌ಗಳನ್ನೇ ನೋಡಿ. ಅವುಗಳಿಗೆ ಸ್ಟ್ಯಾಕ್ ಪಾಯಿಂಟರ್ ಕೊಡುವಾಗ ಕರ್ನೆಲ್ ಕೇಳುವುದು, ಈ ಟಾಸ್ಕ್‌ನ ಪಿಟಿ-ರೆಗ್ಸ್ ಎಲ್ಲಿದೆ ಎಂದು. ಉತ್ತರ ಹೇಳುವ ಸೂತ್ರದಲ್ಲಿ ಸ್ಥಿರಾಂಕ ಸೇರಿದೆ. ಆದರೆ ಮೊದಲ ಟಾಸ್ಕ್‌ನ ಮೌಲ್ಯಗಳು ಕಂಪೈಲ್ ಸಮಯದಲ್ಲೇ ಕೂರಬೇಕು, ಅಸೆಂಬ್ಲಿಯಲ್ಲಿ ಬರೆದ ಆರಂಭದ ಕೋಡಿಗಂತೂ ಸಿ ಭಾಷೆಯ ಸೂತ್ರ ಸಿಗದು. ಹಾಗಾಗಿ ಅಲ್ಲಲ್ಲಿ ಕೈಯಿಂದಲೇ ಬರೆದಿದ್ದರು: ಸ್ಟ್ಯಾಕಿನ ಕೊನೆ, ಅದರಿಂದ ಪಿಟಿ-ರೆಗ್ಸ್ ಅಳತೆ ಕಳೆ. ಖಾಲಿ ಜಾಗವನ್ನು ಕಳೆದಿರಲಿಲ್ಲ. ಸೊನ್ನೆ ಕಳೆದರೂ ಬಿಟ್ಟರೂ ಉತ್ತರ ಒಂದೇ ಆದ್ದರಿಂದ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಆ ಸಾಲು ಬರೆದಿದ್ದರೂ ಹಾಗೇ ಬರೆಯುತ್ತಿದ್ದೆ.

ಅಂಕಿ ಹಾಕಿ ನೋಡಿದರೆ ತಪ್ಪು ಕಣ್ಣಿಗೆ ಕಟ್ಟುತ್ತದೆ. ಸ್ಟ್ಯಾಕಿನ ಕೆಳತುದಿಯನ್ನು 0 ಎಂದಿಟ್ಟುಕೊಳ್ಳಿ, ಮೇಲ್ತುದಿ 16,384. ಫ್ರೆಡ್‌ಗೆ ಮುಂಚೆ ಪಿಟಿ-ರೆಗ್ಸ್ ಶುರುವಾಗುವುದು 16,384ರಿಂದ 168 ಕಳೆದು 16,216ರಲ್ಲಿ. ಮೊದಲ ಟಾಸ್ಕ್‌ನ ಪಾಯಿಂಟರ್ ಕೂಡ 16,216. ಸರಿಹೊಂದಿತು. ಫ್ರೆಡ್ ಸೇರಿಸಿ ಕಂಪೈಲ್ ಮಾಡಿದ ಕರ್ನೆಲ್‌ನಲ್ಲಿ ಸೂತ್ರ ಹೇಳುವ ಉತ್ತರ 16,200. ಕೈಬರಹದ ಲೆಕ್ಕ ಮಾತ್ರ ಇನ್ನೂ 16,216ರಲ್ಲೇ ನಿಂತಿದೆ. ಮೊದಲ ಪುಷ್ ಬೀಳುವುದು 16,208ಕ್ಕೆ, ಎರಡನೆಯದು 16,200ಕ್ಕೆ. ಆ ಎರಡು ಮನೆಗಳು ಪಿಟಿ-ರೆಗ್ಸ್‌ನಲ್ಲಿ ಆರ್14 ಮತ್ತು ಆರ್15 ರಿಜಿಸ್ಟರ್‌ಗಳಿಗೆ ಮೀಸಲು. ಅಂದರೆ ಗೋಡೆ ಸರಿದರೂ ಮನೆಯವನು ಹಳೆಯ ಗೋಡೆಯ ಗುರುತಿಗೇ ಮಂಚ ಹಾಕಿಕೊಂಡು ಪಕ್ಕದ ಕೋಣೆಯಲ್ಲಿ ಮಲಗಿದ್ದ.

ಇಲ್ಲಿ ಒಂದು ಕಾಕತಾಳೀಯವೂ ಇದೆ. ಸ್ಟ್ಯಾಕ್ ಪಾಯಿಂಟರ್ 16ರ ಜೋಡಣೆಗೆ ಒಪ್ಪದಿದ್ದರೆ ಕೆಲವು ಆದೇಶಗಳು ಮುಲಾಜಿಲ್ಲದೆ ಕುಸಿಯುತ್ತವೆ, ಇಂಥ ಎಷ್ಟೋ ತಪ್ಪುಗಳು ಅದರಿಂದಲೇ ಬೇಗ ಸಿಕ್ಕಿಬೀಳುತ್ತವೆ. ಆದರೆ 16,216ನ್ನೂ 16,200ನ್ನೂ 16ರಿಂದ ಭಾಗಿಸಿ ನೋಡಿ, ಎರಡರಲ್ಲೂ ಉಳಿಯುವುದು 8. ತಪ್ಪು ಸರಿಯಾಗಿ 16 ಬೈಟ್ ಆದದ್ದರಿಂದ ಜೋಡಣೆಯ ಕಾವಲಿಗೆ ಅದು ಕಾಣಲೇ ಇಲ್ಲ. ಇನ್ನೊಂದು: ಸ್ಥಿರಾಂಕ ನಿರ್ಧಾರವಾಗುವುದು ಕಂಪೈಲ್ ಮಾಡುವಾಗ. ಹಾಗಾಗಿ ಫ್ರೆಡ್ ಗೊತ್ತೇ ಇಲ್ಲದ ಹಳೆಯ ಪ್ರೊಸೆಸರ್ ಮೇಲೆ ಓಡಿಸಿದರೂ ಈ ವ್ಯತ್ಯಾಸ ಇರುತ್ತಿತ್ತು.

ಕೊನೆಗೆ ಸುಳಿವು ಕೊಟ್ಟದ್ದು ಮನುಷ್ಯರಲ್ಲ. ಕರ್ನೆಲ್‌ಗೆ ಬರುವ ಬದಲಾವಣೆಗಳನ್ನು ಹಗಲಿರುಳು ಕಂಪೈಲ್ ಮಾಡಿ, ಬೂಟ್ ಮಾಡಿ, ತಪ್ಪು ಹುಡುಕುವ ಇಂಟೆಲ್‌ನ ಪರೀಕ್ಷಾ ರೋಬಾಟ್.

ತಿದ್ದಿದ ಬಗೆ

ಎಲ್ಲೆಲ್ಲಿ 16 ಕಳೆಯಬೇಕೋ ಅಲ್ಲೆಲ್ಲ ಕಳೆಯುವುದು ಸುಲಭದ ದಾರಿ. ಆದರೆ ಅಂಥ ಜಾಗಗಳು ಒಂದಕ್ಕಿಂತ ಹೆಚ್ಚು: ಟಾಸ್ಕ್‌ನ ಆರಂಭಿಕ ಮೌಲ್ಯ ಬರೆದ ಸಿ ಕಡತ, 64 ಬಿಟ್ ಯಂತ್ರದ ಆರಂಭದ ಅಸೆಂಬ್ಲಿ ಕೋಡು, ಕ್ಸೆನ್ ವರ್ಚುವಲ್ ಯಂತ್ರದೊಳಗೆ ಏಳುವಾಗ ಬಳಸುವ ಇನ್ನೊಂದು ಅಸೆಂಬ್ಲಿ ಕೋಡು. ಇಂದು ಎಲ್ಲ ಕಡೆ ತಿದ್ದಿದರೂ ನಾಳೆ 16 ಹೋಗಿ 24 ಆದಾಗ ಮತ್ತೆ ಯಾರೋ ಒಂದನ್ನು ಮರೆಯುತ್ತಾರೆ.

ಈಗಿನ ಕರ್ನೆಲ್‌ನಲ್ಲಿ ಈ ಲೆಕ್ಕ, ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್‌ನ ಸ್ಕ್ರಿಪ್ಟ್‌ನಲ್ಲಿ, ಒಂದೇ ಕಡೆ ಇದೆ. ಸ್ಟ್ಯಾಕಿನ ಕೊನೆಯಿಂದ ಖಾಲಿ ಜಾಗವನ್ನೂ ಪಿಟಿ-ರೆಗ್ಸ್ ಅಳತೆಯನ್ನೂ ಕಳೆದು ಬಂದ ವಿಳಾಸಕ್ಕೆ ಒಂದು ಹೆಸರು ಕೊಟ್ಟಿದ್ದಾರೆ, ‘__ಟಾಪ್_ಇನಿಟ್_ಕರ್ನೆಲ್_ಸ್ಟ್ಯಾಕ್’. ಸಿ ಕಡತವೂ ಎರಡು ಅಸೆಂಬ್ಲಿ ಕಡತಗಳೂ ಆ ಹೆಸರನ್ನಷ್ಟೇ ಹೇಳುತ್ತವೆ. ಲಿಂಕರ್‌ಗೆ ಇದನ್ನು ವಹಿಸಬಹುದು ಎಂಬ ಹಾದಿಯನ್ನು 2018ರ 4.16ನೇ ಆವೃತ್ತಿಯಲ್ಲೇ ಡೇವಿಡ್ ಹೋವೆಲ್ಸ್ ಹಾಕಿಕೊಟ್ಟಿದ್ದರು. ಅಲ್ಲಿಯವರೆಗೆ ಮೊದಲ ಟಾಸ್ಕ್‌ನ ಸ್ಟ್ಯಾಕ್ ಸಿ ಭಾಷೆಯ ಯೂನಿಯನ್ ಆಗಿತ್ತು. ಅವರು ಅದನ್ನು ಲಿಂಕರ್ ಸ್ಕ್ರಿಪ್ಟ್ ಕಟ್ಟುವಂತೆ ಮಾಡಿದರು. ಅವರಿಗಿದ್ದ ನೆಪ ಬೇರೆಯೇ: ಇಟೇನಿಯಂ ಪ್ರೊಸೆಸರ್‌ಗಾಗಿ ಇಟ್ಟುಕೊಂಡಿದ್ದ ಪ್ರತ್ಯೇಕ ಕಡತವನ್ನು ತೆಗೆದುಹಾಕುವುದು.

ನನ್ನ ಮಟ್ಟಿಗೆ ಈ ಇಡೀ ರಿಪೇರಿಯಲ್ಲಿ ಬೆಲೆಯುಳ್ಳದ್ದು ಆ 16 ಅಲ್ಲ, ಈ ಹೆಸರು.

ಕೆಳತುದಿಯ ಕಾವಲು

ಇದುವರೆಗೆ ಮೇಲ್ತುದಿಯ ಮಾತಾಯಿತು. ಕೆಳತುದಿಯಲ್ಲೂ ಇದೇ ಕಥೆ ಹತ್ತು ವರ್ಷ ಮುಂಚೆ ನಡೆದಿತ್ತು.

ನಿಗದಿತ ಅಳತೆಯ ಸ್ಟ್ಯಾಕ್ ತುಂಬಿ ಕೆಳಗೆ ಚೆಲ್ಲಿದರೆ ಅಲ್ಲಿರುವ ಬೇರೆ ದತ್ತಾಂಶ ಹಾಳಾಗುತ್ತದೆ, ಮತ್ತು ಯಂತ್ರ ಕುಸಿಯುವ ಹೊತ್ತಿಗೆ ನಿಜವಾದ ಕಾರಣ ಮೈಲಿ ದೂರದಲ್ಲಿರುತ್ತದೆ. ಅದಕ್ಕೆ 2008ರಲ್ಲಿ ಎರಿಕ್ ಸ್ಯಾಂಡೀನ್ ಒಂದು ಉಪಾಯ ತಂದರು. ಸ್ಟ್ಯಾಕಿನ ಕೆಳತುದಿಯ ಕೊನೆಯ ಮನೆಯಲ್ಲಿ ಒಂದು ಗುರುತಿನ ಸಂಖ್ಯೆ ಇಡುವುದು, ಕುಸಿದಾಗ ಅದು ಹಾಗೇ ಇದೆಯೇ ನೋಡುವುದು. ಷೋಡಶಮಾನದಲ್ಲಿ ಆ ಸಂಖ್ಯೆ 57ಎಸಿ6ಇ9ಡಿ. 5ನ್ನು ಎಸ್ ಎಂದೂ 7ನ್ನು ಟಿ ಎಂದೂ ಓದಿದರೆ ‘ಸ್ಟ್ಯಾಕ್’ ಪದದ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಸಿಗುತ್ತವೆ. ಕರ್ನೆಲ್‌ನವರ ಹಾಸ್ಯ ಇಷ್ಟೇ.

ಗುರುತು ಇಡುವ ಕೆಲಸವನ್ನು ಎಲ್ಲಿ ಸೇರಿಸಿದರು? ಫೋರ್ಕ್ ಕೋಡಿನಲ್ಲಿ. ಮೊದಲ ಟಾಸ್ಕ್‌ಗೆ ಗುರುತು ಸಿಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಇದು ಮರೆವಲ್ಲ, ಅವರಿಗೆ ಗೊತ್ತಿತ್ತು. ಗುರುತನ್ನು ಪರಿಶೀಲಿಸುವ ಸಾಲಿನಲ್ಲೇ, ಇದು ಇನಿಟ್_ಟಾಸ್ಕ್ ಅಲ್ಲವಾದರೆ ಮಾತ್ರ ನೋಡು ಎಂಬ ಷರತ್ತು ಇತ್ತು. ಮಗುವಿಗೆ ಲಸಿಕೆ ಹಾಕದೆ, ಲಸಿಕೆ ಪಟ್ಟಿಯಿಂದ ಅದರ ಹೆಸರನ್ನೇ ಹೊಡೆದುಹಾಕಿದ ಹಾಗೆ. 2014ರ ಸೆಪ್ಟೆಂಬರ್‌ನಲ್ಲಿ ಆರನ್ ಟಾಮ್ಲಿನ್ ಈ ವಿನಾಯಿತಿ ತೆಗೆದರು, ಅದೇ ವರ್ಷದ ಡಿಸೆಂಬರ್‌ನ 3.18ನೇ ಆವೃತ್ತಿಯಲ್ಲಿ ಅದು ಹೊರಬಂತು. ಅವರಿಗಿಂತ ಮುಂಚೆ ಇನ್ನೊಬ್ಬರು ಇಂಥದ್ದೇ ಪ್ಯಾಚ್ ಕಳಿಸಿದ್ದರಂತೆ, ಯಾರೂ ಸೇರಿಸಿಕೊಂಡಿರಲಿಲ್ಲ. ಇಂದು ಕರ್ನೆಲ್‌ನ ಸಿ ಕೋಡು ಶುರುವಾಗುವ ‘ಸ್ಟಾರ್ಟ್_ಕರ್ನೆಲ್’ ಫಂಕ್ಷನ್ ತೆರೆದು ನೋಡಿದರೆ, ಅದು ಮಾಡುವ ಮೊದಲನೇ ಕೆಲಸ ಮೊದಲ ಟಾಸ್ಕ್‌ನ ಸ್ಟ್ಯಾಕ್ ತುದಿಯಲ್ಲಿ ಆ ಗುರುತು ಇಡುವುದು.

ಮರಳಿ ಬರದ ಫಂಕ್ಷನ್

2020ರ ಘಟನೆ ಸ್ವಲ್ಪ ಬೇರೆ ಬಗೆಯದು. ಮೇಲೆ ಹೇಳಿದ ಗುರುತಿನಂತೆಯೇ ಕಂಪೈಲರ್ ಕೂಡ ಫಂಕ್ಷನ್‌ಗಳಿಗೆ ಒಂದು ಕಾವಲು ಮೌಲ್ಯ ಕೊಡುತ್ತದೆ. ಒಳಹೋಗುವಾಗ ಸ್ಟ್ಯಾಕ್ ಮೇಲೆ ಇಡುತ್ತದೆ, ಹೊರಬರುವಾಗ ಹೋಲಿಸುತ್ತದೆ. ಮೌಲ್ಯ ಊಹಿಸಲಾಗದಂತೆ ಇರಬೇಕು, ಹಾಗಾಗಿ ಬೂಟ್ ನಡುವೆಯೇ ಅದನ್ನು ಬದಲಿಸಬೇಕು. ಬದಲಿಸುವ ಫಂಕ್ಷನ್ ಸ್ವತಃ ಹಳೆಯ ಮೌಲ್ಯ ಹೊತ್ತು ಒಳಗೆ ಬಂದಿರುತ್ತದೆ. ಅದು ಹೊರಗೆ ಬಂದರೆ ಕೆಟ್ಟಿತು, ಹೋಲಿಕೆ ತಪ್ಪುತ್ತದೆ. ಆದರೆ ಅಂಥ ಫಂಕ್ಷನ್‌ಗಳು ಎಂದೂ ಮರಳುವುದಿಲ್ಲವಲ್ಲ, ಕೊನೆಯಲ್ಲಿ ಐಡಲ್ ಕುಣಿಕೆಗೆ ಹೋಗಿ ಅಲ್ಲೇ ಉಳಿಯುತ್ತವೆ ಎಂದು ಎಲ್ಲರೂ ನಿಶ್ಚಿಂತೆಯಿಂದಿದ್ದರು.

ಜಿಸಿಸಿ ಕಂಪೈಲರ್‌ನ 10ನೇ ಆವೃತ್ತಿ ಆ ನಿಶ್ಚಿಂತೆ ಕೆಡಿಸಿತು. ಎರಡನೇ ಕೋರ್‌ನಿಂದ ಮುಂದಿನವನ್ನು ಎಬ್ಬಿಸುವ ಫಂಕ್ಷನ್ನಿನ ಕೊನೆಯ ಕರೆಯನ್ನು ಅದು ಜಾಣತನದಿಂದ ಬರೀ ಜಿಗಿತವಾಗಿ ಬದಲಿಸಿತು. ಜಿಗಿಯುವ ಮುಂಚೆ ತನ್ನ ಚೌಕಟ್ಟು ಕಳಚಬೇಕು, ಕಳಚುವ ಮುಂಚೆ ಕಾವಲು ಮೌಲ್ಯ ಹೋಲಿಸಬೇಕು. ಹೋಲಿಸಿತು, ತಪ್ಪಿತು, ಯಂತ್ರ ಬೂಟ್ ಆಗುವಾಗಲೇ ನಿಂತಿತು. ಬೊರಿಸ್ಲಾವ್ ಪೆಟ್ಕೊವ್ ಬರೆದ ಪರಿಹಾರದ ಶೀರ್ಷಿಕೆಯಲ್ಲೇ ‘ಮೂರನೇ ಪ್ರಯತ್ನ’ ಎಂದಿದೆ. ಕೊನೆಯ ಕರೆಯ ನಂತರ ಕಂಪೈಲರ್ ದಾಟಲಾಗದ ಒಂದು ತಡೆಯನ್ನಿಟ್ಟರು, ಆಗ ಅದು ಕೊನೆಯ ಕರೆಯೇ ಅಲ್ಲ. ಮೊದಲ ಟಾಸ್ಕ್ ಓಡುವ ಸ್ಟಾರ್ಟ್_ಕರ್ನೆಲ್‌ಗೂ ಅದೇ ತಡೆ ಹಾಕಿದರು. ಈ ಸಲ ಮರೆಯಲಿಲ್ಲ.

ಪುಟ್ಟ ಕರ್ನೆಲ್‌ಗಳಲ್ಲಿ

ಇದೆಲ್ಲ ದೊಡ್ಡವರ ಮನೆಯ ವಿಷಯ ಎಂದುಕೊಳ್ಳಬೇಡಿ. ಎಂಐಟಿಯಲ್ಲಿ ಪಾಠಕ್ಕೆ ಬಳಸುವ ಎಕ್ಸ್‌ವಿ6 ಎಂಬ ಕರ್ನೆಲ್‌ನ ರಿಸ್ಕ್-5 ಆವೃತ್ತಿಯಲ್ಲಿ ಪ್ರತಿ ಕೋರ್‌ಗೂ 4,096 ಬೈಟ್‌ನ ಆರಂಭಿಕ ಸ್ಟ್ಯಾಕ್ ಇದೆ. ಕೋರ್ ಸಂಖ್ಯೆಗೆ 1 ಕೂಡಿಸಿ 4,096ರಿಂದ ಗುಣಿಸಿದರೆ ಅದರ ಮೇಲ್ತುದಿ. ಆ ಒಂದನ್ನು ಕೂಡಿಸಲು ಮರೆತರೆ 0ನೇ ಕೋರ್‌ನ ಪಾಯಿಂಟರ್ ಅರೇಯ ಶುರುವಿನಲ್ಲೇ ನಿಂತು, ಮೊದಲ ಬರಹಕ್ಕೇ ಅರೇಯ ಹೊರಗೆ ಕಾಲಿಡುತ್ತದೆ. ಸ್ವಂತ ಕರ್ನೆಲ್ ಬರೆಯಲು ಕೂತವರು ಸಾಮಾನ್ಯವಾಗಿ ಎಡವುವ ಕಲ್ಲು ಇದೇ.

ಮೈಕ್ರೊಕಂಟ್ರೋಲರ್‌ಗಳಲ್ಲಿ ಓಡುವ ಫ್ರೀಆರ್‌ಟಿಒಎಸ್‌ನಲ್ಲಿ ಫೋರ್ಕ್ ಇಲ್ಲ, ಅಲ್ಲಿ ಎಲ್ಲ ಟಾಸ್ಕ್‌ಗಳೂ ಅಯೋನಿಜರೇ. ಕಾರ್ಟೆಕ್ಸ್-ಎಂ ಚಿಪ್‌ನಲ್ಲಿ ಪ್ರತಿ ಹೊಸ ಟಾಸ್ಕ್‌ನ ಸ್ಟ್ಯಾಕ್ ಮೇಲೂ ಒಂದು ಸುಳ್ಳು ಚೌಕಟ್ಟು ಬರೆಯುತ್ತಾರೆ, ಈ ಟಾಸ್ಕ್ ಆಗಲೇ ಓಡುತ್ತಿತ್ತು, ನಡುವೆ ಇಂಟರಪ್ಟ್ ಬಂದು ನಿಂತಿದೆ ಎಂದು ನಂಬಿಸುವಂಥದ್ದು. ಆಮೇಲೆ ಇಂಟರಪ್ಟ್‌ನಿಂದ ಮರಳುವ ನಾಟಕವಾಡಿದರೆ ಟಾಸ್ಕ್ ಶುರುವಾಗುತ್ತದೆ. ಆ ಚೌಕಟ್ಟಿನ ಸ್ಥಿತಿ ರಿಜಿಸ್ಟರ್ ಮನೆಯಲ್ಲಿ 24ನೇ ಬಿಟ್ 1 ಇರಲೇಬೇಕು, ಇಲ್ಲವಾದರೆ ಟಾಸ್ಕ್‌ನ ಮೊದಲ ಆದೇಶಕ್ಕೇ ಚಿಪ್ ದೋಷ ಸಾರುತ್ತದೆ. ಮರಳುವ ವಿಳಾಸದ ಮನೆಯಲ್ಲಿ ದೋಷ ಹಿಡಿಯುವ ಒಂದು ಫಂಕ್ಷನ್ನಿನ ವಿಳಾಸ ಇಟ್ಟಿರುತ್ತಾರೆ, ಏಕೆಂದರೆ ಟಾಸ್ಕ್ ಮರಳಲೇಬಾರದು.

ನೀವೇ ಕಳೆದು ನೋಡಿ

ಪ್ರೋಸೆಸ್ ಪಟ್ಟಿ ಕೇಳಿದರೆ ಲಿನಕ್ಸ್ 1ರಿಂದ ಎಣಿಸುತ್ತದೆ, ಸೊನ್ನೆಯನ್ನು ತೋರಿಸುವುದಿಲ್ಲ. ಅದರ ಹೆಸರು ಕಣ್ಣಿಗೆ ಬೀಳುವುದು ಹೆಚ್ಚಾಗಿ ಕರ್ನೆಲ್ ಕುಸಿದ ಪರದೆಯ ಮೇಲೆ, ‘ಸ್ವಾಪರ್/0’ ಎಂದು.

ಕುಸಿಯುವವರೆಗೂ ಕಾಯಬೇಕಿಲ್ಲ. ನಿಮ್ಮ 64 ಬಿಟ್ ಎಕ್ಸ್86 ಯಂತ್ರದಲ್ಲಿ ಇತ್ತೀಚಿನ ಕರ್ನೆಲ್ ಇದ್ದರೆ, ಅದರ ಜೊತೆ ಬರುವ ‘ಸಿಸ್ಟಂ.ಮ್ಯಾಪ್’ ಕಡತವನ್ನು ಹುಡುಕಿ, ಸಾಮಾನ್ಯವಾಗಿ ಬೂಟ್ ಕಡತಕೋಶದಲ್ಲಿ ಇರುತ್ತದೆ. ಅದರಲ್ಲಿ ‘__ಎಂಡ್_ಇನಿಟ್_ಸ್ಟ್ಯಾಕ್’ ಮತ್ತು ‘__ಟಾಪ್_ಇನಿಟ್_ಕರ್ನೆಲ್_ಸ್ಟ್ಯಾಕ್’ ಎಂಬ ಎರಡು ಹೆಸರುಗಳ ಮುಂದಿರುವ ವಿಳಾಸ ಬರೆದುಕೊಂಡು, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಷೋಡಶಮಾನದಲ್ಲಿ ಎ8 ಬಂದರೆ ಅದು 168, ನಿಮ್ಮ ಕರ್ನೆಲ್‌ನಲ್ಲಿ ಫ್ರೆಡ್ ಸೇರಿಲ್ಲ. ಬಿ8 ಬಂದರೆ 184, ಆ ಹದಿನಾರು ಬೈಟ್ ಅಲ್ಲಿದೆ.